ಬಾಟಲಿಯ ಲೇಬಲ್ ಮತ್ತು ಬರೆಯದೆ ಬಿಟ್ಟ ರೀಡಿಂಗ್: ಕಲಬುರಗಿಯ ನೀರು ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಮೂವರು ಪದವಿ ಇಂಟರ್ನ್‌ಗಳು

ಹಿನ್ನೆಲೆ

ಕಲಬುರಗಿಯ ಒಂದು ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಿದ ಮೂವರು ಬಿ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಅವರಿಗೆ ಮಾರ್ಗದರ್ಶನ ಮಾಡಿದ ಒಬ್ಬ ವಿಶ್ಲೇಷಕಿ ಈ ಪ್ರಕರಣದ ಮುಖ್ಯ ಪಾತ್ರಗಳು. ವಿದ್ಯಾರ್ಥಿಗಳನ್ನು ಕಳುಹಿಸಿದ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಇಂಟರ್ನ್‌ಶಿಪ್‌ನ ಮೇಲುಸ್ತುವಾರಿ ನನ್ನ ಪಾಲಿಗೆ ಬಂದಿದ್ದರಿಂದ ಅವರ ನೋಟ್‌ಬುಕ್‌ಗಳನ್ನು ಓದುವ, ಪ್ರಯೋಗಾಲಯದವರ ಜೊತೆ ಕುಳಿತು ಮಾತಾಡುವ ಅವಕಾಶ ಸಿಕ್ಕಿತು. ಪ್ರಯೋಗಾಲಯ, ಕಾಲೇಜು, ಹಳ್ಳಿ, ವ್ಯಕ್ತಿಗಳ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದಾಗಿನಿಂದ ಇಂಟರ್ನ್‌ಶಿಪ್ ಎಂಬುದು ಪದವಿ ಕಾಲೇಜುಗಳ ನಿತ್ಯದ ಮಾತಾಯಿತು. 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ ಮೇಲೂ ಆ ಮಾತು ಉಳಿದುಕೊಂಡಿದೆ. ಬೆಂಗಳೂರಿನ ವಿದ್ಯಾರ್ಥಿಗೆ ಕಂಪನಿಗಳಿವೆ, ಸಂಶೋಧನಾ ಸಂಸ್ಥೆಗಳಿವೆ. ಕಲಬುರಗಿಯ ವಿಜ್ಞಾನ ವಿದ್ಯಾರ್ಥಿಗೆ ಹತ್ತಿರದಲ್ಲಿರುವುದು ಸಿಮೆಂಟ್ ಕಾರ್ಖಾನೆಗಳ ಲ್ಯಾಬು, ಕೃಷಿ ಸಂಶೋಧನಾ ಕೇಂದ್ರ, ಮಣ್ಣು ಮತ್ತು ನೀರು ಪರೀಕ್ಷೆಯ ಸರ್ಕಾರಿ ಪ್ರಯೋಗಾಲಯಗಳು, ಆಸ್ಪತ್ರೆಗಳು. ಅದರಲ್ಲೂ ಸರ್ಕಾರಿ ಕಚೇರಿ ಎಂದರೆ ಮನೆಯವರಿಗೆ ಬೇರೆಯದೇ ಆಸೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಈ ಭಾಗದವರಿಗೆ ಸಿಗುವ ನೌಕರಿ ಮೀಸಲಾತಿಗೂ ಇಂಟರ್ನ್‌ಶಿಪ್ ಪ್ರಮಾಣಪತ್ರಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಪ್ರತಿ ವರ್ಷ ಒಬ್ಬಿಬ್ಬರು ಪೋಷಕರಿಗಾದರೂ ವಿವರಿಸಬೇಕಾಗುತ್ತದೆ.

ಪ್ರಯೋಗಾಲಯಗಳ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಜಲ ಜೀವನ್ ಮಿಷನ್ 2019ರಲ್ಲಿ ಆರಂಭವಾದ ಮೇಲೆ ಹಳ್ಳಿಗಳಿಂದ ಬರುವ ನೀರಿನ ಮಾದರಿಗಳ ಹೊರೆ ಏರಿದೆ. ವಿಶ್ಲೇಷಕರಲ್ಲಿ ಹಲವರು ಹೊರಗುತ್ತಿಗೆಯವರು. ಇಷ್ಟು ದಿನಕ್ಕೆ ಇಷ್ಟು ಮಾದರಿ ಎಂಬ ಗುರಿ ಅವರ ತಲೆಯ ಮೇಲಿರುತ್ತದೆ. ಇಂಟರ್ನ್‌ಗಳಿಗೆ ಕಲಿಸುವ ಕೆಲಸ ಅವರ ಕರಾರಿನ ಯಾವ ಸಾಲಿನಲ್ಲೂ ಇರುವುದಿಲ್ಲ. ಹೀಗಾಗಿ ವಿದ್ಯಾರ್ಥಿಗಳು ಬಂದಾಗ ಸಾಮಾನ್ಯವಾಗಿ ನಡೆಯುವುದು ಎರಡರಲ್ಲೊಂದು: ಗಾಜಿನ ಸಾಮಾನು ತೊಳೆದು ರಿಜಿಸ್ಟರ್ ನಕಲು ಮಾಡುವುದು, ಇಲ್ಲವೇ ದೂರ ನಿಂತು ನೋಡುವುದು. ಕೊನೆಗೆ ಇಲಾಖೆಯ ಪರಿಚಯವನ್ನೇ ಅರ್ಧ ತುಂಬಿಸಿದ ಒಂದು ವರದಿ, 'ಪ್ರಾಮಾಣಿಕವಾಗಿ ಕಾರ್ಯನಿರ್ವಹಿಸಿದ್ದಾರೆ' ಎಂಬ ಪ್ರಮಾಣಪತ್ರ.

ಈ ಪ್ರಯೋಗಾಲಯದ ವಿಶ್ಲೇಷಕಿಯೂ ಹೊರಗುತ್ತಿಗೆಯವರೇ. ಅವರು ಕಲಬುರಗಿಯವರು, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದವರು. ಮೂವರನ್ನು ತಮ್ಮ ಬಳಿ ಇಟ್ಟುಕೊಳ್ಳಲು ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಇಂಟರ್ನ್‌ಗಳಿಗೆ ಒಂದು ಪ್ರಶ್ನೆ ಇರಬೇಕು, ಆ ಪ್ರಶ್ನೆಗೆ ಇರುವ ವಾರಗಳಲ್ಲಿ ಉತ್ತರ ಸಿಗುವಂತಿರಬೇಕು.

ಪ್ರಶ್ನೆಯ ಆಯ್ಕೆ

ಮೂವರಲ್ಲಿ ಒಬ್ಬಳು ಆಳಂದ ತಾಲ್ಲೂಕಿನ ಹಳ್ಳಿಯವಳು, ಒಬ್ಬ ಸೇಡಂನವನು, ಇನ್ನೊಬ್ಬಳು ನಗರದವಳು. ನಗರದವಳ ಮನೆಮಾತು ದಖನಿ, ಹತ್ತನೆಯವರೆಗೆ ಓದಿದ್ದು ಉರ್ದು ಮಾಧ್ಯಮದಲ್ಲಿ. ಮೊದಲ ದಿನ ವಿಶ್ಲೇಷಕಿ ಅವರನ್ನು ಉಪಕರಣಗಳ ಮುಂದೆ ನಿಲ್ಲಿಸಲಿಲ್ಲ. ನಿಮ್ಮ ನಿಮ್ಮ ಊರಿನ ನೀರು ಎಲ್ಲಿಂದ ಬರುತ್ತದೆ, ಆ ನೆಲದ ಕೆಳಗೆ ಯಾವ ಕಲ್ಲಿದೆ ಎಂದು ಕೇಳಿದರು. ನಲ್ಲಿಯ ನೀರು ಎಂದಷ್ಟೇ ಗೊತ್ತಿದ್ದವರಿಗೆ ಕಲ್ಲಿನ ಪ್ರಶ್ನೆ ವಿಚಿತ್ರವಾಗಿ ಕಂಡಿತಂತೆ.

ಕಲ್ಲಿನ ಪ್ರಶ್ನೆಗೆ ಇಲ್ಲಿ ಅರ್ಥವಿದೆ. ಆಳಂದದ ಕಡೆ ದಖನ್ ಪ್ರಸ್ಥಭೂಮಿಯ ಬಸಾಲ್ಟ್, ಅದರ ಮೇಲೆ ಎರಿ ಮಣ್ಣು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಭೀಮಾ ಶ್ರೇಣಿಯ ಸುಣ್ಣಕಲ್ಲು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಅದೇ, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕಾಗಿಯೇ. ಇನ್ನೂ ದಕ್ಷಿಣಕ್ಕೆ ಯಾದಗಿರಿ, ಸುರಪುರದ ಕಡೆ ಹೋದರೆ ಗ್ರಾನೈಟ್ ಮತ್ತು ನೈಸ್ ಎಂಬ ಕಲ್ಲು. ಗ್ರಾನೈಟ್ ನೆಲದಲ್ಲಿ ಫ್ಲೋರೈಡ್ ಕಲ್ಲಿನಿಂದಲೇ ನೀರಿಗೆ ಇಳಿಯುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ನೀರಿನ ಗಡಸುತನ ಹೆಚ್ಚು. ನೈಟ್ರೇಟ್ ಮಾತ್ರ ಇವುಗಳ ಸಾಲಿಗೆ ಸೇರುವುದಿಲ್ಲ. ಅದು ಬಹುಪಾಲು ಮೇಲಿನಿಂದ ಇಳಿಯುವಂಥದ್ದು: ಹೊಲಕ್ಕೆ ಹಾಕಿದ ಯೂರಿಯಾ, ಬಾವಿಯ ಪಕ್ಕದ ತಿಪ್ಪೆ, ದನದ ಕೊಟ್ಟಿಗೆ, ಪಾಯಿಖಾನೆಯ ಗುಂಡಿ. ಆದ್ದರಿಂದ ಒಂದೇ ಊರಿನಲ್ಲಿ ಹಳೆಯ ತೆರೆದ ಬಾವಿಗೂ ಆಳದ ಬೋರ್‌ವೆಲ್‌ಗೂ ನೈಟ್ರೇಟ್‌ನಲ್ಲಿ ವ್ಯತ್ಯಾಸ ಇದೆಯೇ ಎಂಬುದು ಮೂವರಿಗೂ ಸೇರಿ ಕೊಟ್ಟ ಪ್ರಶ್ನೆಯಾಯಿತು. ಚಿಕ್ಕ ಪ್ರಶ್ನೆ, ಆದರೆ ಉತ್ತರ ಏನಿರಬೇಕೆಂದು ಯಾವ ಪ್ರಾಯೋಗಿಕ ಪುಸ್ತಕದ ಕೊನೆಯ ಪುಟದಲ್ಲೂ ಬರೆದಿರಲಿಲ್ಲ. ಈ ಪ್ರಕರಣದಲ್ಲಿ ಮುಂದೆ ನಡೆದದ್ದೆಲ್ಲ ಆ ಒಂದು ಗುಣದಿಂದಲೇ ಹುಟ್ಟಿತು ಎಂಬುದು ನನ್ನ ತಿಳುವಳಿಕೆ.

ವಿದ್ಯಾರ್ಥಿಗಳಿಗೆ ಹಾಕಿದ ನಿಯಮಗಳು ಕೆಲವೇ. ಪುಟಸಂಖ್ಯೆ ಇರುವ ಹೊಲಿದ ನೋಟ್‌ಬುಕ್, ಬರೆಯುವುದು ಪೆನ್ನಿನಲ್ಲಿ, ತಪ್ಪಿದ್ದನ್ನು ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ. ಬೋರ್‌ವೆಲ್ ಆದರೆ ನೀರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು ಆಮೇಲೆ ಬಾಟಲಿಗೆ ಹಿಡಿಯಬೇಕು, ಐಸ್ ಪೆಟ್ಟಿಗೆಯಲ್ಲೇ ತರಬೇಕು, 48 ಗಂಟೆಯ ಒಳಗೆ ನೈಟ್ರೇಟ್ ಪರೀಕ್ಷೆ ಮುಗಿಯಬೇಕು. ಬಿಸಿಲು 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಬಸ್ಸಿನಲ್ಲಿ ಐಸ್ ಪೆಟ್ಟಿಗೆ ಹೊತ್ತು ತರುವುದೇ ಒಂದು ಪಾಠ. ಕೊನೆಯ ನಿಯಮ, ಪ್ರತಿ ಸುತ್ತಿನ ಪರೀಕ್ಷೆಯ ಜೊತೆಗೆ ಒಂದು ಕಂಟ್ರೋಲ್: ಹೊರಗಿನಿಂದ ಖರೀದಿಸಿದ, ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣವನ್ನು ಮಾದರಿಯಂತೆಯೇ ಅಳೆದು ನೋಡುವುದು.

ನಡೆದದ್ದು

ಮೊದಲ ದಿನಗಳು ಗಡಸುತನದ ಟೈಟ್ರೇಷನ್‌ನಲ್ಲಿ ಕಳೆದವು. ಬ್ಯುರೆಟ್ ಎಂಬ ಅಳತೆಗೊಳವೆಯಿಂದ ಇಡಿಟಿಎ ಎಂಬ ರಾಸಾಯನಿಕದ ದ್ರಾವಣ ಹಾಕುತ್ತ ಹೋದಂತೆ ಕೆಂಪು ಬಣ್ಣ ನೀಲಿಗೆ ತಿರುಗುವ ಕ್ಷಣವನ್ನು ಹಿಡಿಯುವುದು ಅವರಿಗೆ ಕಾಲೇಜಿನಲ್ಲೇ ಗೊತ್ತಿತ್ತು, ಆ ಭಾಗವನ್ನು ಹೆಚ್ಚು ಹೇಳಬೇಕಾಗಿಲ್ಲ. ಒಂದು ವಿಷಯ ಮಾತ್ರ ಗಮನಿಸಬೇಕಾದ್ದು. ಮೂವರ ನೋಟ್‌ಬುಕ್‌ನಲ್ಲೂ ಮೂರು ಮೂರು ಬ್ಯುರೆಟ್ ರೀಡಿಂಗ್‌ಗಳು ಒಂದು ಅಂಕಿಯೂ ಹೆಚ್ಚುಕಮ್ಮಿಯಾಗದೆ ಒಂದೇ ಆಗಿದ್ದವು. ವಿಶ್ಲೇಷಕಿ ಅದನ್ನು ಓದಿ ನಕ್ಕು, ತಾವೇ ಮೂರು ಸಲ ಟೈಟ್ರೇಷನ್ ಮಾಡಿ ತೋರಿಸಿದರು; ಮೂರೂ ಸಲ ಸ್ವಲ್ಪ ಸ್ವಲ್ಪ ಬೇರೆ ಬಂತು. ಇಷ್ಟು ವರ್ಷ ಕೈ ಪಳಗಿದ ತನಗೇ ಹೀಗೆ ಬರುತ್ತದೆ ಎಂದರು.

ನಂತರ ನೈಟ್ರೇಟ್. ಬಳಸಿದ್ದು ಅತಿನೇರಳೆ ಕಿರಣದ ವಿಧಾನ: ಮಾದರಿಗೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಮಾದರಿ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 220 ನ್ಯಾನೋಮೀಟರ್‌ನ ರೀಡಿಂಗ್ ತೆಗೆದು, ಸಾವಯವ ಪದಾರ್ಥಗಳ ಪಾಲನ್ನು ಕಳೆಯಲು 275ರಲ್ಲಿ ಇನ್ನೊಂದು ರೀಡಿಂಗ್ ತೆಗೆಯುತ್ತಾರೆ. ಮಾದರಿ ತುಂಬುವ ಪುಟ್ಟ ಪಾತ್ರೆಯಾದ ಕ್ಯುವೆಟ್ ಇಲ್ಲಿ ಗಾಜಿನದು ನಡೆಯುವುದಿಲ್ಲ, ಕ್ವಾರ್ಟ್ಜ್ ಬೇಕು. ಆ ಕ್ಯುವೆಟ್‌ನ ಬೆಲೆ ಕೇಳಿದ ಮೇಲೆ ಮೂವರೂ ಅದನ್ನು ಕೂಸಿನಂತೆ ಹಿಡಿದರು.

ಕೆಲಸವನ್ನು ವಿದ್ಯಾರ್ಥಿಗಳು ತಾವೇ ಹಂಚಿಕೊಂಡರು. ನಗರದ ವಿದ್ಯಾರ್ಥಿನಿ ಸ್ಟ್ಯಾಂಡರ್ಡ್ ದ್ರಾವಣ (ಮಾದರಿಯ ರೀಡಿಂಗ್ ಅನ್ನು ಹೋಲಿಸಿ ಲೆಕ್ಕ ಹಾಕಲು ಬೇಕಾದ, ಪ್ರಮಾಣ ಗೊತ್ತಿರುವ ದ್ರಾವಣ) ಮಾಡುವುದು, ಆಳಂದದವಳು ಮಾದರಿಗಳನ್ನು ಓದಿ ಲೆಕ್ಕ ಹಾಕುವುದು, ಸೇಡಂನವನು ಕಂಟ್ರೋಲ್ ನೋಡುವುದು. ನೋಡಲು ಅಚ್ಚುಕಟ್ಟಾದ ಹಂಚಿಕೆ. ನಗರದ ವಿದ್ಯಾರ್ಥಿನಿ ವಿಧಾನದ ಕೈಪಿಡಿಯಲ್ಲಿ ಹೇಳಿದಂತೆ ಒಣಗಿಸಿದ ಪೊಟ್ಯಾಸಿಯಂ ನೈಟ್ರೇಟ್ ಅನ್ನು 0.7218 ಗ್ರಾಂ ತೂಗಿ ಒಂದು ಲೀಟರಿಗೆ ಕರಗಿಸಿದಳು. ತೂಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಾಟಲಿಯ ಮೇಲೆ ದುಂಡನೆಯ ಅಕ್ಷರದಲ್ಲಿ 'ನೈಟ್ರೇಟ್ ಸ್ಟ್ಯಾಂಡರ್ಡ್, 100 ಮಿ.ಗ್ರಾಂ/ಲೀ' ಎಂದು ಬರೆದು ದಿನಾಂಕ ಮತ್ತು ಸಹಿ ಹಾಕಿದಳು.

ಆಳಂದದ ವಿದ್ಯಾರ್ಥಿನಿ ತನ್ನ ಊರಿನ ತೆರೆದ ಬಾವಿಯ ನೀರನ್ನು ಐದು ಪಟ್ಟು ತೆಳುಗೊಳಿಸಿ ಓದಿದಳು, ಲೆಕ್ಕ ಹಾಕಿದಳು, 16 ಬಂತು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ನೈಟ್ರೇಟ್‌ನ ಮಿತಿ ಲೀಟರಿಗೆ 45 ಮಿ.ಗ್ರಾಂ, ಬೇರೆ ಮೂಲ ಇಲ್ಲದಿದ್ದರೆ ಇಷ್ಟರವರೆಗೆ ಸಡಿಲಿಸಬಹುದು ಎಂಬ ಅವಕಾಶ ಕೆಲವು ಘಟಕಗಳಿಗಿದೆ, ನೈಟ್ರೇಟ್‌ಗೆ ಇಲ್ಲ. 16 ಎಂದರೆ ಮಿತಿಯ ಅರ್ಧಕ್ಕೂ ಕಡಿಮೆ. ಅವಳು ಅಂದೇ ಸಂಜೆ ಊರಿಗೆ ಫೋನ್ ಮಾಡಿ ತನ್ನ ಕಾಕಾನಿಗೆ, "ನಮ್ಮ ಬಾವಿ ನೀರು ಛಲೋ ಅದ ಕಾಕಾ, ನಾನೇ ಟೆಸ್ಟ್ ಮಾಡೀನಿ" ಎಂದು ಹೇಳಿದಳು. ಅದನ್ನು ಹೇಳುವಾಗ ಅವಳಿಗಾದ ಹೆಮ್ಮೆಯನ್ನು ಯಾರೂ ಹೀಗಳೆಯಲಾಗದು.

ಇತ್ತ ಸೇಡಂನ ವಿದ್ಯಾರ್ಥಿ ಅದೇ ಮಧ್ಯಾಹ್ನ ಕಂಟ್ರೋಲ್ ಓದಿದ್ದ. 50 ಬರಬೇಕಾದಲ್ಲಿ 11.3 ಬಂತು. ಮತ್ತೆ ಮಾಡಿದ, ಮತ್ತೆ ಅಷ್ಟೇ. ಅವನು ಆ ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆಯದೆ, ಹಳೆಯ ಇಂಡೆಂಟ್ ಫಾರಮ್ಮಿನ ಹಿಂಬದಿಯಲ್ಲಿ ಗೀಚಿ ಜೇಬಿಗೆ ಹಾಕಿಕೊಂಡ. ಕಂಟ್ರೋಲ್‌ನ ಜಾಗವನ್ನು ನೋಟ್‌ಬುಕ್‌ನಲ್ಲಿ ಖಾಲಿ ಬಿಟ್ಟ.

ನೋಟ್‌ಬುಕ್ ಓದಿದ ಸಂಜೆ

ವಿಶ್ಲೇಷಕಿ ದಿನವೂ ಸಂಜೆ ತಮ್ಮ ಮಾದರಿಗಳು ಮುಗಿದ ಮೇಲೆ ಮೂರೂ ನೋಟ್‌ಬುಕ್‌ಗಳನ್ನು ಓದುತ್ತಿದ್ದರು. ಅವರು ಅದರ ಜೊತೆಗೆ ಇನ್ನೊಂದನ್ನೂ ತೆರೆದಿಟ್ಟುಕೊಳ್ಳುತ್ತಿದ್ದರು: ಉಪಕರಣದ ಬಳಿ ಇರುವ ಬಳಕೆಯ ರಿಜಿಸ್ಟರ್, ಅಂದರೆ ಯಾರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಯಾವುದಕ್ಕಾಗಿ ಯಂತ್ರವನ್ನು ಬಳಸಿದರು ಎಂಬ ದಾಖಲೆ. ಸೇಡಂನ ವಿದ್ಯಾರ್ಥಿ ಅದರಲ್ಲಿ ಪ್ರಾಮಾಣಿಕವಾಗಿ ಮೂರರಿಂದ ಐದು ಗಂಟೆ ಎಂದು ಬರೆದಿದ್ದ. ಅವನ ನೋಟ್‌ಬುಕ್‌ನಲ್ಲಿ ಅರ್ಧ ಗಂಟೆಯ ಕೆಲಸಕ್ಕೂ ಸಾಕಾಗುವಷ್ಟು ಬರಹವಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕೇಳಿದ್ದು ಇಷ್ಟೇ, "ಕಂಟ್ರೋಲ್ ಎಲ್ಲಿ ಅದ ತಮ್ಮಾ?"

"ಸರಿ ಬರಲಿಲ್ಲ ಮೇಡಂ. ಮಷೀನ್ ಕೆಟ್ಟದ ಅನ್ಸ್ತು."

"ಕೆಟ್ಟದ ಅಂದ್ರ ಅದನ್ನೂ ಬರೀಬೇಕಲ್ಲ. ನೀ ಬರೀಲಿಲ್ಲ ಅಂದ್ರ ಮಷೀನ್ ಕೆಟ್ಟದ್ದು ನನಗ ಹ್ಯಾಂಗ ಗೊತ್ತಾಗಬೇಕು?"

ಅವನು ಜೇಬಿನಿಂದ ಚೀಟಿ ತೆಗೆದು ಕೊಟ್ಟ. ಮುಂದೆ ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಾರ್ಗದರ್ಶನ ಎಂಬ ದೊಡ್ಡ ಮಾತಿನ ನಿಜವಾದ ಅಳತೆ ಇಂಥ ಗಳಿಗೆಯಲ್ಲೇ ಸಿಗುತ್ತದೆ. ಚೀಟಿ ನೋಡಿದ ಕೂಡಲೇ ಅವರಿಗೆ ಕಾರಣ ಹೊಳೆದಿತ್ತು; ನನಗೆ ಆಮೇಲೆ ಅವರೇ ಹೇಳಿದರು. ಆದರೂ ಕಾರಣವನ್ನು ಹೇಳಲಿಲ್ಲ. ಮೂವರನ್ನೂ ಕರೆದು ಮೇಜಿನ ಸುತ್ತ ಕೂರಿಸಿ, ಚೀಟಿಯ ಅಂಕಿಗಳನ್ನು ನೋಟ್‌ಬುಕ್‌ಗೆ ಇಂದಿನ ದಿನಾಂಕ ಹಾಕಿ ಎತ್ತಿ ಬರೆಯಲು ಹೇಳಿದರು, ಚೀಟಿಯನ್ನೇ ಪಕ್ಕದಲ್ಲಿ ಅಂಟಿಸಲು ಹೇಳಿದರು. ಆಮೇಲೆ, ಐವತ್ತನ್ನು ಹನ್ನೊಂದು ಪಾಯಿಂಟ್ ಮೂರರಿಂದ ಭಾಗಿಸಿದರೆ ಎಷ್ಟು ಎಂದು ಕೇಳಿದರು. 4.42. ಯಂತ್ರ ಕೆಟ್ಟಿದ್ದರೆ ಎರಡು ಸಲವೂ ಅಷ್ಟೇ ಪಾಲು ಕಡಿಮೆ ಬರುತ್ತದೆಯೇ? ಇಲ್ಲ. ಹಾಗಾದರೆ 4.42 ಎಲ್ಲಿಂದ ಬಂತು? ಇಷ್ಟು ಕೇಳಿ ಅವರು ತಮ್ಮ ಮಾದರಿಗಳ ಕಡೆ ಹೋಗಿಬಿಟ್ಟರು.

ಮೂವರೂ ಅಲ್ಲೇ ಕುಳಿತರು. ಪಿಪೆಟ್ ಸರಿಯಿದೆಯೇ ಎಂದು ನೋಡಿದರು, ತೆಳುಗೊಳಿಸಿದ ಲೆಕ್ಕವನ್ನು ಮತ್ತೆ ಮಾಡಿದರು, ಖರೀದಿಸಿದ ದ್ರಾವಣದ ಅವಧಿ ಮುಗಿದಿದೆಯೇ ಎಂದು ಬಾಟಲಿ ತಿರುಗಿಸಿದರು. ಆ ಬಾಟಲಿಯ ಮೇಲೆ ನೈಟ್ರೇಟ್ ಅಯಾನಿನ ಲೆಕ್ಕದಲ್ಲಿ ಎಂಬ ಅರ್ಥದ ಸೂತ್ರ ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿತ್ತು. ತಮ್ಮ ಬಾಟಲಿಯ ಮೇಲೆ ಅಂಥದ್ದೇನೂ ಇರಲಿಲ್ಲ. ನಗರದ ವಿದ್ಯಾರ್ಥಿನಿ ಕೈಪಿಡಿಯನ್ನು ಮತ್ತೆ ತೆಗೆದು, ತಾನು ತೂಕ ನೋಡಿಕೊಂಡ ಸಾಲಿನ ಅಕ್ಕಪಕ್ಕದ ಸಾಲುಗಳನ್ನು ಓದಿದಳು. 0.7218 ಗ್ರಾಂ ಕರಗಿಸಿದರೆ ಸಿಗುವ 100 ಮಿ.ಗ್ರಾಂ ನೈಟ್ರೇಟ್‌ನದ್ದಲ್ಲ, ನೈಟ್ರೇಟ್‌ನೊಳಗಿನ ನೈಟ್ರೋಜನ್‌ನದ್ದು. ನೈಟ್ರೇಟ್ ಅಯಾನಿನ ತೂಕ 62, ನೈಟ್ರೋಜನ್‌ನ ಪರಮಾಣುತೂಕ 14, ಭಾಗಿಸಿದರೆ 4.43. ಅವಳು ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ವಿಶ್ಲೇಷಕಿಯ ಮೇಜಿಗೆ ಹೋದಳಂತೆ.

ಹಾಗಾದರೆ ಆಳಂದದ ಬಾವಿಯ 16 ಕೂಡ ನೈಟ್ರೋಜನ್ ಲೆಕ್ಕದ 16. ಮಾನಕದ 45ರ ಪಕ್ಕ ಇಡಬೇಕಾದರೆ ಅದನ್ನು 4.43ರಿಂದ ಗುಣಿಸಬೇಕು: ಸುಮಾರು 71.

ತೂಕ ಸರಿಯಿತ್ತು, ರೀಡಿಂಗ್ ಸರಿಯಿತ್ತು, ಕಂಟ್ರೋಲ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಮೂವರೂ ತಮ್ಮ ತಮ್ಮ ಪಾಲನ್ನು ಮುಗಿಸಿ ಮುಂದಿನವರ ಕೈಗೆ ಕೊಟ್ಟಿದ್ದರು. ಏಕಮಾನದ ಪ್ರಶ್ನೆ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಊರಿಗೆ ಹೋದ ಮಾತು

ಆಳಂದದ ವಿದ್ಯಾರ್ಥಿನಿ ಕಾಕಾನಿಗೆ ಫೋನ್ ಮಾಡಿದ ಸಂಗತಿ ಆಗಲೇ ಹೊರಬಿದ್ದದ್ದು. ಕಾಕಾ ಆ ಸುದ್ದಿಯನ್ನು ಅಂಗನವಾಡಿ ಕಾರ್ಯಕರ್ತೆಗೂ ಹೇಳಿದ್ದ. ನೈಟ್ರೇಟ್ ಹೆಚ್ಚಿರುವ ನೀರಿನಿಂದ ಹೆಚ್ಚು ಅಪಾಯವಿರುವುದು ಆರು ತಿಂಗಳೊಳಗಿನ ಕೂಸುಗಳಿಗೆ, ಅದರಲ್ಲೂ ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸುವ ಕೂಸುಗಳಿಗೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುತ್ತದೆ. ನೀರು ಕುದಿಸಿದರೆ ಸಾಕು ಎಂಬ ನಮ್ಮ ಮನೆಗಳ ನಂಬಿಕೆ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ: ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದದ್ದರಲ್ಲಿ ನೈಟ್ರೇಟ್ ಸಾಂದ್ರವಾಗುತ್ತದೆ.

ಕಚೇರಿಯಲ್ಲಿ ಎರಡು ಅಭಿಪ್ರಾಯ ಬಂದವು. ಒಂದು, ಇಂಟರ್ನ್‌ನ ಲೆಕ್ಕ ಅಧಿಕೃತವಲ್ಲ, ಮೊದಲ ಅಂಕಿ ತಪ್ಪಿದ್ದರೆ ಎರಡನೆಯದೂ ತಪ್ಪಿರಬಹುದು, ಸಿಬ್ಬಂದಿ ಹೋಗಿ ಹೊಸ ಮಾದರಿ ತಂದು ಪರೀಕ್ಷಿಸುವವರೆಗೆ ಯಾರೂ ಬಾಯಿ ಬಿಡಬಾರದು. ಇದು ಸುಮ್ಮನೆ ತಳ್ಳಿಹಾಕುವ ವಾದವಲ್ಲ. ಪ್ರಯೋಗಾಲಯದ ಹೆಸರಿನಲ್ಲಿ ಎರಡು ದಿನಕ್ಕೆ ಎರಡು ಸಂಖ್ಯೆ ಹೊರಟರೆ ಮೂರನೆಯದನ್ನು ಊರು ನಂಬುವುದಿಲ್ಲ. ಎರಡನೆಯದು, 'ನೀರು ಛಲೋ ಅದ' ಎಂಬ ಮಾತು ಈಗಾಗಲೇ ಊರಿನಲ್ಲಿದೆ. ನಾವು ಸುಮ್ಮನಿದ್ದರೆ ಆ ಮಾತಿಗೆ ನಮ್ಮ ಒಪ್ಪಿಗೆಯ ಮುದ್ರೆ ಒತ್ತಿದಂತೆ. ಪ್ರಯೋಗಾಲಯದ ಮುಖ್ಯಸ್ಥರು ಸಂಖ್ಯೆಯನ್ನೂ ಎಚ್ಚರಿಕೆಯನ್ನೂ ಬೇರೆ ಬೇರೆ ಮಾಡಿದರು. ಅಂಕಿ ಹೇಳುವುದು ಬೇಡ, ಎಚ್ಚರಿಕೆ ಹೇಳಲು ಅಂಕಿ ಬೇಕಾಗಿಲ್ಲ ಎಂಬುದು ಅವರ ತೀರ್ಮಾನ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಪ್ರಬುದ್ಧ ನಿರ್ಧಾರ ಇದೇ.

ಫೋನ್ ಮಾಡಿದ್ದು ವಿದ್ಯಾರ್ಥಿನಿಯೇ. ಮೊದಲ ಮಾತು ಅವಳದು, ಆದ್ದರಿಂದ ಎರಡನೆಯದೂ ಅವಳ ಬಾಯಿಂದಲೇ ಬಂದರೆ ಊರಿಗೆ ಅರ್ಥವಾಗುತ್ತದೆ ಎಂದು ವಿಶ್ಲೇಷಕಿ ಹೇಳಿದರು. ಪಕ್ಕದಲ್ಲಿ ತಾವು ಕುಳಿತರು. "ಕಾಕಾ, ನಿನ್ನೆ ಹೇಳಿದ್ದು ಪಕ್ಕಾ ಅಲ್ಲ. ಲೆಕ್ಕದಾಗ ತಪ್ಪ್ಯಾಗ್ಯದ. ಆಫೀಸಿನವರು ಬಂದು ಮತ್ತ ನೀರು ಒಯ್ತಾರ. ಅಲ್ಲಿತನಕ ಕೂಸುಗೋಳಿಗಿ ಆ ಬಾವಿ ನೀರು ಕೊಡಬ್ಯಾಡ್ರಿ, ಕುದಿಸಿ ಕೊಟ್ರೂ ನಡೆಯಂಗಿಲ್ಲ. ಬೋರಿನ ನೀರೇ ಕೊಡ್ರಿ." ಬೋರ್‌ವೆಲ್‌ನ ನೀರು ಸರಿಯಾದ ಏಕಮಾನದಲ್ಲೂ ಮಿತಿಯೊಳಗೆ ಇತ್ತು, ಹಾಗಾಗಿ ಆ ಕೊನೆಯ ಮಾತು ಹೇಳಲು ಮುಖ್ಯಸ್ಥರು ಒಪ್ಪಿದ್ದರು. ಕಾಕಾ ಬೈಯಲಿಲ್ಲ, ಬಾವಿಯ ಹಿಂದೆ ತಿಪ್ಪೆ ಇರುವುದು ಇಡೀ ಊರಿಗೇ ಗೊತ್ತು ಎಂದನಂತೆ.

ಸಿಬ್ಬಂದಿ ಹೋಗಿ ತಂದ ಮಾದರಿಯಲ್ಲೂ ನೈಟ್ರೇಟ್ ಮಿತಿ ಮೀರಿತ್ತು. ವರದಿ ನಿಯಮದಂತೆ ಗ್ರಾಮ ಪಂಚಾಯಿತಿಗೆ ಹೋಯಿತು. ಬಾವಿಯ ನೀರನ್ನು ಬಟ್ಟೆ, ಪಾತ್ರೆ ಮತ್ತು ದನಗಳಿಗಷ್ಟೇ ಬಳಸುವಂತೆ ಪಿಡಿಒ ಸೂಚಿಸಿದರು. ವಿದ್ಯಾರ್ಥಿನಿಗೆ ದನಗಳ ಬಗ್ಗೆಯೂ ಅನುಮಾನ ಬಂದು ಕೇಳಿದಳು. ದನಗಳೂ ಅತಿಯಾದ ನೈಟ್ರೇಟ್‌ನಿಂದ ಬಾಧೆಗೊಳಗಾಗುತ್ತವೆ, ಆದರೆ ಅವು ತಡೆಯುವ ಮಟ್ಟ ಮನುಷ್ಯರದ್ದಕ್ಕಿಂತ ಮೇಲಿದೆ ಎಂದು ವಿಶ್ಲೇಷಕಿ ಪಶುವೈದ್ಯರೊಬ್ಬರನ್ನು ಕೇಳಿ ತಿಳಿಸಿದರು. ಇಂಥ ಪ್ರಶ್ನೆ ಇಂಟರ್ನ್‌ಶಿಪ್‌ನ ಮೊದಲ ವಾರದಲ್ಲಿ ಅವಳಿಂದ ಬರುತ್ತಿರಲಿಲ್ಲ.

ವಿಶ್ಲೇಷಣೆ

ಸೇಡಂನ ವಿದ್ಯಾರ್ಥಿ ಕಂಟ್ರೋಲ್ ಬರೆಯದೆ ಬಿಟ್ಟದ್ದನ್ನು ಅವನ ಗುಣದೋಷವೆಂದು ಓದಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ, ಏನೂ ತಿಳಿಯುವುದಿಲ್ಲ. ಅದೇ ಹುಡುಗ ಬಳಕೆಯ ರಿಜಿಸ್ಟರ್‌ನಲ್ಲಿ ಒಂದು ನಿಮಿಷವನ್ನೂ ಮುಚ್ಚಿಡಲಿಲ್ಲ. ಎರಡು ಪುಸ್ತಕಗಳ ನಡುವೆ ಅವನ ಮನಸ್ಸಿನಲ್ಲಿದ್ದ ಭೇದವೇನು? ರಿಜಿಸ್ಟರ್ ಕಚೇರಿಯದು, ಅಲ್ಲಿ ನಡೆದದ್ದನ್ನು ಬರೆಯಬೇಕು. ನೋಟ್‌ಬುಕ್ ಪರೀಕ್ಷೆಯದು, ಅಲ್ಲಿ ಸರಿಯಾದದ್ದನ್ನು ಬರೆಯಬೇಕು. ಮೂರು ವರ್ಷದ ಪ್ರಾಯೋಗಿಕ ತರಗತಿಗಳು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವುದು ಈ ಭೇದವನ್ನೇ. ಗುರುತಿಸಲು ಕೊಟ್ಟ ಸಾಲ್ಟ್ ಯಾವುದೆಂದು ಅಟೆಂಡರ್‌ಗೆ ಗೊತ್ತಿರುತ್ತದೆ, ಬ್ಯುರೆಟ್ ರೀಡಿಂಗ್ ಎಷ್ಟು ಬರಬೇಕೆಂದು ಹಿಂದಿನ ಬ್ಯಾಚಿನವರಿಗೆ ಗೊತ್ತಿರುತ್ತದೆ, ಆ ಅಂಕಿಯಿಂದ ದೂರ ಹೋದಷ್ಟೂ ಅಂಕ ಕಡಿಮೆ. ಹೀಗೆ ಪಳಗಿದವನಿಗೆ 50ರ ಬದಲು 11.3 ಬಂದರೆ ಅದು ಮಾಹಿತಿಯಾಗಿ ಕಾಣದೆ ಕಳೆದುಹೋದ ಅಂಕವಾಗಿ ಕಾಣುವುದು ಸಹಜ. ಮೊದಲ ದಿನಗಳ ಬ್ಯುರೆಟ್ ರೀಡಿಂಗ್‌ಗಳು ಒಂದೇ ಥರ ಇದ್ದುದಕ್ಕೂ ಇದೇ ಕಾರಣ, ವಿಶ್ಲೇಷಕಿ ಆಗಲೇ ಅದನ್ನು ಗುರುತಿಸಿದ್ದರು ಎಂಬುದು ಗಮನಾರ್ಹ.

ಈ ಅಭ್ಯಾಸವನ್ನು ಮಾತಿನಿಂದ ಬಿಡಿಸಲಾಗದು. ಸುಳ್ಳು ಬರೆಯಬೇಡಿ ಎಂದು ಎಷ್ಟು ಸಲ ಹೇಳಿದರೂ ಅವರು ಅದನ್ನು ಪ್ರಾರ್ಥನೆಯ ಹೊತ್ತಿನ ಬುದ್ಧಿಮಾತಿನ ಸಾಲಿಗೆ ಸೇರಿಸುತ್ತಾರೆ. ಇಲ್ಲಿ ಅದು ಬಿಟ್ಟದ್ದು ಹೊಂದದ ಅಂಕಿಯಿಂದಲೇ ಕಾರಣ ಸಿಕ್ಕಾಗ. 11.3 ಇಲ್ಲದಿದ್ದರೆ 4.43 ಇಲ್ಲ, 4.43 ಇಲ್ಲದಿದ್ದರೆ ಆಳಂದದ ಆ ಬಾವಿ ಇಂದಿಗೂ ಛಲೋ ನೀರಿನ ಬಾವಿಯೇ. ತಾನು ಜೇಬಿಗೆ ಹಾಕಿಕೊಂಡ ಚೀಟಿಯೇ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಪುಟವಾಗಿತ್ತು ಎಂದು ಅವನು ವೈವಾದಲ್ಲಿ ತಾನಾಗಿಯೇ ಹೇಳಿದ. ವಿಶ್ಲೇಷಕಿ ಅಂದು ಉತ್ತರವನ್ನು ತಾವೇ ಹೇಳಿಬಿಟ್ಟಿದ್ದರೆ ತಪ್ಪು ಸರಿಹೋಗುತ್ತಿತ್ತು, ಸಮಯವೂ ಉಳಿಯುತ್ತಿತ್ತು. ಚೀಟಿಯ ಬೆಲೆ ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ.

ಎರಡನೆಯ ಅಂಶ ಕೆಲಸದ ಹಂಚಿಕೆ. ಸಿಬ್ಬಂದಿ ಕಡಿಮೆಯಿರುವ ಕಚೇರಿಯಲ್ಲಿ ಒಬ್ಬರು ತೂಗುವುದು, ಒಬ್ಬರು ಓದುವುದು, ಒಬ್ಬರು ದಾಖಲಿಸುವುದು ಅನಿವಾರ್ಯ, ಪಳಗಿದವರ ನಡುವೆ ಅದು ನಡೆಯುತ್ತದೆ ಕೂಡ. ಏಕೆಂದರೆ ಪ್ರತಿಯೊಬ್ಬರೂ ಇಡೀ ದಾರಿಯನ್ನು ಒಮ್ಮೆಯಾದರೂ ತಾವೇ ನಡೆದಿರುತ್ತಾರೆ. ಇಂಟರ್ನ್‌ಗಳು ನಡೆದಿರುವುದಿಲ್ಲ. ಈ ಘಟನೆಯ ಮರುದಿನವೇ ವಿಶ್ಲೇಷಕಿ ಹಂಚಿಕೆಯನ್ನು ರದ್ದು ಮಾಡಿ, ಪ್ರತಿಯೊಬ್ಬರೂ ತಮ್ಮ ಊರಿನ ಎರಡು ಮೂಲಗಳಿಗೆ ತಾವೇ ಹೊಣೆ ಎಂದು ನಿಗದಿ ಮಾಡಿದರು: ಮಾದರಿ ಹಿಡಿಯುವುದು, ಸ್ಟ್ಯಾಂಡರ್ಡ್ ತೂಗುವುದು, ಓದುವುದು, ಕಂಟ್ರೋಲ್, ಏಕಮಾನ, ಕೊನೆಗೆ ಪಂಚಾಯಿತಿಯವರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಅರ್ಧ ಪುಟ. ಮಾದರಿಗಳ ಸಂಖ್ಯೆ ಇಳಿಯಿತು. ಪ್ರಯೋಗಾಲಯಕ್ಕೆ ಇಂಟರ್ನ್‌ಗಳಿಂದ ಆಗಬಹುದಾಗಿದ್ದ ಅಲ್ಪಸ್ವಲ್ಪ ಸಹಾಯವೂ ಅಲ್ಲಿಗೆ ನಿಂತಿತು. ಇದು ನಿಜವಾದ ಬೆಲೆ, ಮುಖ್ಯಸ್ಥರು ಅದನ್ನು ತೆರಲು ಒಪ್ಪಿದ್ದಕ್ಕೆ ಆ ಬಾವಿಯೇ ಕಾರಣ. ಅಂಥ ಕಾರಣ ಎಲ್ಲ ಕಡೆ ಸಿಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಕನ್ನಡದ ಅರ್ಧ ಪುಟ ಅತ್ಯಂತ ಕಷ್ಟದ್ದಾಯಿತು. ಅದನ್ನು ಚೆನ್ನಾಗಿ ಬರೆದವಳು ಮನೆಯಲ್ಲಿ ದಖನಿ ಮಾತಾಡುವ ನಗರದ ವಿದ್ಯಾರ್ಥಿನಿ. ಕಂಡ ಪದಗಳನ್ನೆಲ್ಲ ಅನುಮಾನದಿಂದ ನೋಡುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇತ್ತೇನೋ.

ಇನ್ನುಳಿದದ್ದು ಮಾರ್ಗದರ್ಶಕಿಯ ಸಮಯ. ದಿನದ ಗುರಿ ಮುಗಿಸಿ, ಸಂಜೆ ಸುಮಾರು ಒಂದು ಗಂಟೆ ಅವರು ನೋಟ್‌ಬುಕ್‌ಗಳಿಗೆ ಕೊಟ್ಟರು. ಯುಜಿಸಿಯ ಮಾರ್ಗಸೂಚಿ ವಿದ್ಯಾರ್ಥಿಯ ಇಂಟರ್ನ್‌ಶಿಪ್ ಅನ್ನು ಕ್ರೆಡಿಟ್‌ಗೆ 30 ಗಂಟೆಯಂತೆ ಎಣಿಸುತ್ತದೆ. ಕಲಿಸುವ ಹೊರಗುತ್ತಿಗೆ ನೌಕರಳ ಗಂಟೆಯನ್ನು ಎಣಿಸುವ ಪುಸ್ತಕ ಯಾವ ಕಚೇರಿಯಲ್ಲೂ ಇಲ್ಲ. ಆ ಸಂಜೆಯ ಗಂಟೆ ಇಲ್ಲದಿದ್ದರೆ ಖಾಲಿ ಬಿಟ್ಟ ಜಾಗ ಖಾಲಿಯಾಗಿಯೇ ಉಳಿಯುತ್ತಿತ್ತು.

ನಂತರದ ಕ್ರಮಗಳು

ಪ್ರಯೋಗಾಲಯದಲ್ಲಿ ಈಗ ಸ್ಟ್ಯಾಂಡರ್ಡ್ ದ್ರಾವಣದ ಲೇಬಲ್‌ಗೆ ಅಚ್ಚು ಹಾಕಿಸಿದ ಚೀಟಿ ಇದೆ. ಪ್ರಮಾಣದ ಪಕ್ಕದಲ್ಲಿ 'ಯಾವುದರ ಲೆಕ್ಕದಲ್ಲಿ' ಎಂಬ ಖಾನೆ ತುಂಬದೆ ಬಾಟಲಿ ಕಪಾಟಿಗೆ ಹೋಗುವಂತಿಲ್ಲ. ಇಂಟರ್ನ್‌ಗಳು ಸೇರುವ ದಿನ ಸಹಿ ಮಾಡುವ ಹಾಳೆಯಲ್ಲಿ, ಫಲಿತಾಂಶವನ್ನು ಮುಖ್ಯಸ್ಥರು ಒಪ್ಪುವ ಮೊದಲು ಮನೆಯವರಿಗೂ ಹೇಳಬಾರದು ಎಂಬ ಸಾಲು ಸೇರಿದೆ. ಅದರ ಜೊತೆಗೇ, ಆರೋಗ್ಯಕ್ಕೆ ಅಪಾಯವೆಂದು ಅನಿಸಿದರೆ ಅದೇ ದಿನ ಮುಖ್ಯಸ್ಥರಿಗೆ ತಿಳಿಸಬೇಕು, ಅವರು ಅದೇ ದಿನ ಉತ್ತರಿಸಬೇಕು ಎಂಬ ಸಾಲನ್ನು ವಿಶ್ಲೇಷಕಿ ಹಟ ಹಿಡಿದು ಸೇರಿಸಿದರು.

ಕಾಲೇಜಿನ ಕಡೆ ಬದಲಾವಣೆ ನಿಧಾನ. ಮೌಲ್ಯಮಾಪನದಲ್ಲಿ ವರದಿಗೆ ಇದ್ದ ಅಂಕಗಳಲ್ಲಿ ಒಂದು ಪಾಲನ್ನು ನೋಟ್‌ಬುಕ್‌ಗೆ ಕೊಡಬೇಕು, ಅದರಲ್ಲೂ ಹೊಂದದೆ ಬಂದ ಒಂದು ರೀಡಿಂಗ್ ಅನ್ನು ವಿದ್ಯಾರ್ಥಿ ಹೇಗೆ ಬೆನ್ನು ಹತ್ತಿದ ಎಂಬುದನ್ನು ನೋಡಬೇಕು ಎಂಬ ಪ್ರಸ್ತಾಪವನ್ನು ವಿಭಾಗದ ಸಭೆ ಒಪ್ಪಿದೆ. ಮಾದರಿ ಅಂಕಪಟ್ಟಿಯನ್ನು ಹೇಗೆ ಬದಲಿಸುವುದು ಎಂಬ ಚರ್ಚೆ ನಡೆದಿದೆ. ಹೊಂದದ ರೀಡಿಂಗ್‌ಗೆ ಅಂಕವಿದೆ ಎಂದು ಗೊತ್ತಾದರೆ ಹುಡುಗರು ಅದನ್ನೂ ಹುಟ್ಟಿಸಿಕೊಂಡು ಬರೆಯುತ್ತಾರೆ ಎಂದು ಒಬ್ಬ ಸಹೋದ್ಯೋಗಿ ಹೇಳಿದ್ದು ತಮಾಷೆಗಲ್ಲ. ಬಳಕೆಯ ರಿಜಿಸ್ಟರ್‌ನ ನಕಲನ್ನೂ ನೋಟ್‌ಬುಕ್‌ನ ಜೊತೆ ತರಿಸಿಕೊಳ್ಳುವುದು ಇದಕ್ಕೆ ಒಂದು ದಾರಿ ಎಂದು ಸದ್ಯಕ್ಕೆ ತೀರ್ಮಾನವಾಗಿದೆ.

ಮುಂದಿನ ತಂಡವನ್ನು ಕಳುಹಿಸುವಾಗ, ಮಾರ್ಗದರ್ಶಕರ ಹೆಸರು ಮತ್ತು ಅವರಿಗೆ ದಿನಕ್ಕೆ ಒಂದು ಗಂಟೆ ಕೆಲಸದ ವೇಳೆಯಲ್ಲೇ ಬಿಡುವು ಎಂಬ ಎರಡು ವಿಷಯಗಳನ್ನು ಕಚೇರಿಯ ಮೆಮೊದಲ್ಲಿ ಬರೆದು ಕೊಡಬೇಕೆಂದು ಕಾಲೇಜು ಪ್ರಯೋಗಾಲಯಕ್ಕೆ ಪತ್ರ ಕಳುಹಿಸಿದೆ. ಹೆಸರು ಬರೆಯಲು ಮುಖ್ಯಸ್ಥರು ಒಪ್ಪಿದ್ದಾರೆ. ಗಂಟೆಯ ವಿಷಯ ಹೊರಗುತ್ತಿಗೆ ಏಜೆನ್ಸಿಯ ಕರಾರಿಗೆ ಸಂಬಂಧಿಸಿದ್ದರಿಂದ ಕಡತ ಮೇಲಿನ ಕಚೇರಿಗೆ ಹೋಗಿದೆ.